ಹಿಡಿತ ಬದಲಾದ ಕಥೆ: ಗಿಂಡಿಯಿಂದ ಕಂಡ ಫೋರ್‌ಹ್ಯಾಂಡ್

ಗಿಂಡಿ ಅಂದರೆ ನಮ್ಮ ಕರಾವಳಿ ಕಡೆ ಮೂತಿಯಿರುವ ಒಂದು ಸಣ್ಣ ನೀರಿನ ಪಾತ್ರೆ. ಉಡುಪಿ ಮಠಗಳಲ್ಲಿ ಅದನ್ನು ಹಿಡಿದುಕೊಂಡು ಸ್ವಾಮಿಗಳ ಜೊತೆ ಓಡಾಡುವ ಹುಡುಗನಿಗೆ ಗಿಂಡಿಮಾಣಿ ಅಂತಲೇ ಹೆಸರು. 1986ರಲ್ಲಿ ಕೆಲಸ ಸಿಕ್ಕಿ ಮದ್ರಾಸಿಗೆ ಬಂದು, "ಗಿಂಡಿಯಲ್ಲಿ ರೂಮು ಮಾಡಿದ್ದೇನೆ" ಅಂತ ಊರಿಗೆ ಕಾಗದ ಬರೆದಾಗ ನಮ್ಮ ದೊಡ್ಡಮ್ಮ "ಗಿಂಡಿ ಒಳಗೆ ಹ್ಯಾಗೆ ಮಾರಾಯಾ ಇರೋದು?" ಅಂತ ಮನೆಯವರನ್ನೆಲ್ಲ ನಗಿಸಿದ್ದರಂತೆ. ಆಮೇಲೆ ಮದ್ರಾಸು ಚೆನ್ನೈ ಆಯಿತು, ಕತಿಪಾರಾದಲ್ಲಿ ಮೇಲ್ಸೇತುವೆ ಬಂತು, ಮೆಟ್ರೋ ಬಂತು. ನಾನು ಮಾತ್ರ ಗಿಂಡಿ ಬಿಟ್ಟು ಕದಲಲಿಲ್ಲ :)

ಇರಲಿ, ಇವತ್ತು ಬರೆಯಹೊರಟಿದ್ದು ಟೆನಿಸ್ ಬಗ್ಗೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಎರಡು ಕೋರ್ಟುಗಳಿವೆ. ಬೆಳಿಗ್ಗೆ ಅಲ್ಲಿ ನನ್ನಂಥ ನಿವೃತ್ತರ ಆಟ, ಸಂಜೆ ಮಕ್ಕಳ ಕೋಚಿಂಗು. ಸುಮ್ಮನೆ ಬೇಲಿಯ ಹೊರಗೆ ನಿಂತು ನೋಡಿದರೂ ಗೊತ್ತಾಗುತ್ತದೆ, ಒಂದೇ ಕೋರ್ಟಿನಲ್ಲಿ ಎರಡು ಬೇರೆ ಬೇರೆ ಆಟ ನಡೆಯುತ್ತಿದೆ ಅಂತ. ಬೆಳಗಿನವರ ಫೋರ್‌ಹ್ಯಾಂಡಿನಲ್ಲಿ ಚೆಂಡು ನೆಟ್ಟಿಗೆ ಒಂದು ಗೇಣು ಮೇಲೆ ನೆಟ್ಟಗೆ ಹೋಗಿ, ಆ ಕಡೆ ಮೊಣಕಾಲಿನಷ್ಟೇ ಎತ್ತರಕ್ಕೆ ಪುಟಿಯುತ್ತದೆ. ಬ್ಯಾಟು ಚೆಂಡು ಹೋದ ದಿಕ್ಕನ್ನೇ ತೋರಿಸುತ್ತ ನಿಲ್ಲುತ್ತದೆ. ಸಂಜೆಯ ಮಕ್ಕಳ ಚೆಂಡು ನೆಟ್ಟಿನ ಮೇಲೆ ಮೂರು ನಾಲ್ಕು ಅಡಿ ಎತ್ತರದಲ್ಲಿ ಹೋಗಿ ಧುಮುಕಿ, ನೆಲ ಮುಟ್ಟಿದ ಮೇಲೆ ಎದುರಿನವನ ಭುಜದವರೆಗೆ ಎಗರುತ್ತದೆ. ಬ್ಯಾಟು ಕಾರಿನ ವೈಪರಿನ ಹಾಗೆ ಮುಖದ ಮುಂದೆ ಹಾದು ಎಲ್ಲೋ ಕಂಕುಳ ಹತ್ತಿರ ಹೋಗಿ ಮುಗಿಯುತ್ತದೆ.

ಬೆಳಗಿನವರಲ್ಲಿ ಒಬ್ಬರು ಸದಾ ಹೇಳುತ್ತಾರೆ: "ಈ ಮಕ್ಕಳಿಗೆ ಸರಿಯಾದ ಫೋರ್‌ಹ್ಯಾಂಡ್ ಹೇಳಿಕೊಡುವವರೇ ಇಲ್ಲ ಸಾರ್." ಸಂಜೆಯ ಕೋಚ್ ಹುಡುಗ ನಗುತ್ತಾನೆ: "ಅಂಕಲ್‌ಗಳದ್ದೆಲ್ಲ ತಪ್ಪು ಗ್ರಿಪ್ಪು." ಇಬ್ಬರಲ್ಲಿ ಯಾರು ಸರಿ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನೂರೈವತ್ತು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ಅದರ ಮುಖ್ಯ ಅಧ್ಯಾಯಗಳಲ್ಲಿ ಕೆಲವು ನಮ್ಮ ಮದ್ರಾಸಿನಲ್ಲೇ ಇವೆ.

ಮೊದಲಿಂದ ಶುರು ಮಾಡೋಣ. 1874ರಲ್ಲಿ ಇಂಗ್ಲೆಂಡಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬವರು ಹುಲ್ಲಿನ ಮೇಲೆ ಆಡುವ ಹೊಸ ಆಟಕ್ಕೆ ಪೇಟೆಂಟ್ ಪಡೆದರು. ಗೋಡೆಗಳ ನಡುವೆ ಆಡುವ ಹಳೆಯ ಟೆನಿಸ್ ಅದಕ್ಕೂ ಮುಂಚೆ ಇತ್ತು. ಆದರೆ ಹುಲ್ಲಿನ ಮೇಲೆ ಪುಟಿಯುವಂಥ ಚೆಂಡು ಸಿಕ್ಕಿದ್ದು ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಬಂದ ಮೇಲೆ. 1877ರಲ್ಲಿ ವಿಂಬಲ್ಡನ್ ಶುರುವಾಯಿತು. ಆ ಹುಲ್ಲಿನ ಮೇಲೆ ಚೆಂಡು ಹೆಚ್ಚು ಏಳುತ್ತಿರಲಿಲ್ಲ, ಜಾರಿಕೊಂಡು ಬರುತ್ತಿತ್ತು. ಮೊಣಕಾಲಿನ ಕೆಳಗಿರುವ ಚೆಂಡನ್ನು ಎತ್ತಿ ಆಚೆ ದಾಟಿಸಬೇಕಾದರೆ ಬ್ಯಾಟನ್ನು ಹೇಗೆ ಹಿಡಿಯುತ್ತೀರಿ? ಕತ್ತಿಯನ್ನೋ ಸುತ್ತಿಗೆಯನ್ನೋ ಹಿಡಿದ ಹಾಗೆ. ಆಗ ಬ್ಯಾಟಿನ ಮುಖ ಸ್ವಲ್ಪ ಆಕಾಶ ನೋಡುತ್ತದೆ, ತಗ್ಗಿನ ಚೆಂಡು ಸಲೀಸಾಗಿ ಏಳುತ್ತದೆ. ಈ ಹಿಡಿತಕ್ಕೆ ಕಾಂಟಿನೆಂಟಲ್ ಗ್ರಿಪ್ ಅಂತ ಹೆಸರು. ಯುರೋಪಿನ ತಗ್ಗು ಪುಟಿತದ ಕೋರ್ಟುಗಳ ಹಿಡಿತ ಅಂತ ಅರ್ಥ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚೆಂಡು ಸೊಂಟದ ಎತ್ತರಕ್ಕೆ ಬರುವಲ್ಲಿ ಇನ್ನೊಂದು ಹಿಡಿತ ಬೆಳೆಯಿತು. ಬ್ಯಾಟಿನ ಜೊತೆ ಕೈಕುಲುಕಿದ ಹಾಗೆ ಹಿಡಿಯುವುದು. ಅದು ಈಸ್ಟರ್ನ್ ಗ್ರಿಪ್. ಆ ಕಡೆ ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಹುಲ್ಲು ಕಡಿಮೆ, ಸಿಮೆಂಟು ಕೋರ್ಟುಗಳು ಜಾಸ್ತಿ. ಅಲ್ಲಿ ಚೆಂಡು ಎದೆಯೆತ್ತರಕ್ಕೆ ಹಾರುತ್ತಿತ್ತು. ಆ ಹುಡುಗರು ನೆಲದ ಮೇಲೆ ಬಿದ್ದ ಬ್ಯಾಟನ್ನು ಮೇಲಿನಿಂದ ಎತ್ತಿಕೊಂಡ ಹಾಗೆ, ಅಂಗೈ ಹಿಡಿಯ ಕೆಳಗೆ ಬರುವಂತೆ ಹಿಡಿದರು. ಅದು ವೆಸ್ಟರ್ನ್ ಗ್ರಿಪ್. 1912 ಮತ್ತು 1913ರಲ್ಲಿ ಅಮೆರಿಕದ ಚಾಂಪಿಯನ್ ಆದ ಮಾರಿಸ್ ಮೆಕ್‌ಲಾಫ್ಲಿನ್, 1915 ಮತ್ತು 1919ರಲ್ಲಿ ಗೆದ್ದ ಬಿಲ್ ಜಾನ್‌ಸ್ಟನ್ ಇಬ್ಬರೂ ಆ ಕಡೆಯವರು. ಕುಳ್ಳಗೆ, ತೆಳ್ಳಗೆ ಇದ್ದ ಜಾನ್‌ಸ್ಟನ್‌ನ ಫೋರ್‌ಹ್ಯಾಂಡ್ ಅವನ ಕಾಲದ ಅತಿ ಬಲವಾದ ಹೊಡೆತಗಳಲ್ಲಿ ಒಂದು.

ಗಮನಿಸಿದಿರಾ? ಮೂರೂ ಹಿಡಿತಗಳ ಹೆಸರು ಊರಿನ ಹೆಸರೇ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಇದ್ದ ಹಾಗೆ. ತೆಂಕಿನ ಚೆಂಡೆ ಬಡಗಿನವರಿಗೆ ಅಬ್ಬರ ಅನ್ನಿಸಬಹುದು, ಬಡಗಿನ ಕುಣಿತ ತೆಂಕಿನವರಿಗೆ ಬೇರೆಯಾಗಿ ಕಾಣಬಹುದು, ಆದರೆ ಒಂದು ತಪ್ಪು ಇನ್ನೊಂದು ಸರಿ ಅಂತ ಯಾರೂ ಹೇಳುವುದಿಲ್ಲ. ಟೆನಿಸ್ಸಿನಲ್ಲಿ ಮಾತ್ರ ಎಲ್ಲರೂ ಹೇಳುತ್ತಾರೆ!

ನಡುವೆ ಸ್ವಲ್ಪ ವಿಜ್ಞಾನ, ಬೇಜಾರು ಮಾಡಿಕೊಳ್ಳಬೇಡಿ. ಟೆನಿಸ್ ನೆಟ್ಟಿನ ಎತ್ತರ ನಡುವಿನಲ್ಲಿ 3 ಅಡಿ. ನೆಟ್ಟಿನಿಂದ ಆಚೆಯ ಗೆರೆಗೆ ಇರುವುದು 39 ಅಡಿ. ಚೆಂಡನ್ನು ತಿರುಗಿಸದೆ ನೇರ ಹೊಡೆದರೆ, ಜೋರು ಹೆಚ್ಚಿದಷ್ಟೂ ಅದು ಗೆರೆ ದಾಟಿ ಹೋಗುವ ಅಪಾಯ ಹೆಚ್ಚು. ಹಾಗಾಗಿ ನೆಟ್ಟಿಗೆ ಅಂಟಿಕೊಂಡಂತೆ ಹೊಡೆಯಬೇಕು, ಇಲ್ಲವೇ ಜೋರು ಕಡಿಮೆ ಮಾಡಬೇಕು. ಇದಕ್ಕಿರುವ ಉಪಾಯ ಟಾಪ್‌ಸ್ಪಿನ್. ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ ಗರಗರ ತಿರುಗುತ್ತದೆ. ಆಗ ಚೆಂಡಿನ ಮೇಲ್ಗಡೆ ಗಾಳಿಯ ಒತ್ತಡ ಹೆಚ್ಚು, ಕೆಳಗಡೆ ಕಡಿಮೆ. ಗಾಳಿಯೇ ಚೆಂಡನ್ನು ಕೆಳಕ್ಕೆ ಅದುಮುತ್ತದೆ. ಎತ್ತರದಲ್ಲಿ, ಜೋರಾಗಿ ಹೊಡೆದರೂ ಚೆಂಡು ಗೆರೆಯ ಒಳಗೇ ಬೀಳುತ್ತದೆ. ಬಿದ್ದ ಮೇಲೆ ಎತ್ತರಕ್ಕೆ ಎಗರುತ್ತದೆ. ಹೀಗೆ ಉಜ್ಜಿ ಹೊಡೆಯಲು ವೆಸ್ಟರ್ನ್ ಕಡೆಗೆ ಜರುಗಿದ ಹಿಡಿತ ಅನುಕೂಲ.

ಇಷ್ಟು ಒಳ್ಳೆಯ ಉಪಾಯ ಮೊದಲೇ ಗೊತ್ತಿದ್ದರೆ ಎಲ್ಲರೂ ಅದನ್ನೇ ಯಾಕೆ ಹಿಡಿಯಲಿಲ್ಲ? ಒಂದು ಕಾರಣ ನೆಲ. 1974ರವರೆಗೂ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಮೂರು ಹುಲ್ಲಿನ ಮೇಲೇ ನಡೆಯುತ್ತಿದ್ದವು. ಫ್ರೆಂಚ್ ಒಂದೇ ಕೆಂಪು ಮಣ್ಣಿನದು. ಹುಲ್ಲಿನಲ್ಲಿ ತಗ್ಗಾಗಿ ಬರುವ ಚೆಂಡಿಗೆ ವೆಸ್ಟರ್ನ್ ಹಿಡಿತ ಒದ್ದಾಡುತ್ತದೆ. ಇನ್ನೊಂದು ಕಾರಣ ಬ್ಯಾಟು. ಮರದ ಬ್ಯಾಟಿನ ಮುಖ 65ರಿಂದ 70 ಚದರ ಇಂಚು, ತೂಕವೋ ಭಾರ. ಅಷ್ಟು ಸಣ್ಣ ಮುಖದಲ್ಲಿ ಚೆಂಡನ್ನು ಮೇಲಕ್ಕೆ ಉಜ್ಜಲು ಹೋದರೆ ಅದು ಚೌಕಟ್ಟಿಗೆ ತಗುಲಿ ಎತ್ತಲೋ ಹೋಗುತ್ತದೆ. ಪಕ್ಕಕ್ಕೆ ತಿರುಗಿ ನಿಂತು, ಎಡಗಾಲು ಮುಂದಿಟ್ಟು, ಮೈಯ ಭಾರವನ್ನೆಲ್ಲ ಚೆಂಡಿನ ದಿಕ್ಕಿಗೆ ಹಾಕಿ ನೇರವಾಗಿ ಹೊಡೆಯುವುದೇ ಆ ಬ್ಯಾಟಿನ ಧರ್ಮ. ರಾಡ್ ಲೇವರ್ ಥರದ ಒಬ್ಬಿಬ್ಬರು ಮಾತ್ರ ಕಾಂಟಿನೆಂಟಲ್ ಹಿಡಿತದಲ್ಲೇ ಮಣಿಕಟ್ಟಿನ ಬಲದಿಂದ ಟಾಪ್‌ಸ್ಪಿನ್ ಎಬ್ಬಿಸುತ್ತಿದ್ದರು. ಅದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ.

ಇಲ್ಲಿ ಮದ್ರಾಸು ಬರುತ್ತದೆ. ರಾಮನಾಥನ್ ಕೃಷ್ಣನ್ ಅವರಿಗೆ ತಂದೆ ಟಿ.ಕೆ. ರಾಮನಾಥನ್ ಅವರೇ ಗುರು. 1954ರಲ್ಲಿ ಕೃಷ್ಣನ್ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದರು. 1960 ಮತ್ತು 1961ರಲ್ಲಿ ದೊಡ್ಡವರ ವಿಂಬಲ್ಡನ್ ಸೆಮಿಫೈನಲ್ ತಲುಪಿದರು. ಎರಡನೆಯ ಸಲ ಅದಕ್ಕೆ ಮುಂಚೆ ರಾಯ್ ಎಮರ್ಸನ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ್ದರು. ಮೊದಲ ಸಲ ನೀಲ್ ಫ್ರೇಸರ್, ಎರಡನೇ ಸಲ ಲೇವರ್ ಅವರನ್ನು ತಡೆದರು. ಇಬ್ಬರೂ ಆ ವರ್ಷದ ಚಾಂಪಿಯನ್ನರೇ. 1966ರಲ್ಲಿ ಕೃಷ್ಣನ್, ಜೈದೀಪ್ ಮುಖರ್ಜಿ ಮತ್ತಿತರರ ತಂಡ ಡೇವಿಸ್ ಕಪ್ ಫೈನಲ್‌ವರೆಗೆ ಹೋಯಿತು. ಮೆಲ್ಬರ್ನ್‌ನ ಹುಲ್ಲಿನ ಮೇಲೆ ಆಸ್ಟ್ರೇಲಿಯಾ 4-1ರಿಂದ ಗೆದ್ದಿತು, ನಮಗೆ ಸಿಕ್ಕ ಆ ಒಂದು ಪಂದ್ಯ ನ್ಯೂಕೋಂಬ್-ರೋಚ್ ಜೋಡಿಯ ಮೇಲೆ ಕೃಷ್ಣನ್-ಮುಖರ್ಜಿ ಗೆದ್ದ ಡಬಲ್ಸ್.

ಕೃಷ್ಣನ್ ಅವರ ಆಟದಲ್ಲಿ ಜೋರು ಇರಲಿಲ್ಲ, ಜಾಗ ಇತ್ತು. ಚೆಂಡು ಎಲ್ಲಿ ಹೋಗಬೇಕೋ ಅಲ್ಲಿ ಇಟ್ಟ ಹಾಗೆ ಹೋಗುತ್ತಿತ್ತು. ಆಗಿನ ಪಶ್ಚಿಮದ ಪತ್ರಿಕೆಗಳು ಇದನ್ನು ಪೂರ್ವದೇಶದ ಮಾಯೆ ಎಂಬಂತೆ ಹೊಗಳುತ್ತಿದ್ದವು. ನಾವೂ ಅದನ್ನೇ ನಂಬಿಕೊಂಡೆವು. "ನಮ್ಮವರಿಗೆ ಶಕ್ತಿ ಇಲ್ಲ, ಕೈಚಳಕ ಇದೆ" ಎಂಬ ಮಾತು ಇಂದಿಗೂ ಚೆನ್ನೈನ ಯಾವುದೇ ಟೆನಿಸ್ ಹರಟೆಯಲ್ಲಿ ಕೇಳಿಸುತ್ತದೆ. ನನಗೆ ಈ ಮಾತಿನ ಬಗ್ಗೆಯೇ ತಕರಾರು. ಕೈಚಳಕ ನಮ್ಮ ರಕ್ತದಲ್ಲಿ ಇದ್ದದ್ದಲ್ಲ. ತಗ್ಗು ಪುಟಿತದ ಹುಲ್ಲು, ಸಣ್ಣ ಮುಖದ ಮರದ ಬ್ಯಾಟು, ಪ್ರಾಣಿಯ ಕರುಳಿನಿಂದ ಮಾಡಿದ ಗಟ್ ತಂತಿ, ಈ ಮೂರಕ್ಕೆ ಸರಿಹೊಂದುವ ಉತ್ತರ ಅದು. ಆ ಕಾಲದ ಇಂಗ್ಲಿಷರೂ ಆಸ್ಟ್ರೇಲಿಯನ್ನರೂ ಹೊಡೆಯುತ್ತಿದ್ದದ್ದು ಅದೇ ಕುಲದ ಫೋರ್‌ಹ್ಯಾಂಡೇ. ಕೃಷ್ಣನ್ ಅದನ್ನು ಅವರಲ್ಲಿ ಹೆಚ್ಚಿನವರಿಗಿಂತ ಚೆನ್ನಾಗಿ ಆಡಿದರು, ಅಷ್ಟೇ.

ಮುಂದಿನ ಅಧ್ಯಾಯದ ಸಾಕ್ಷಿಯೂ ಮದ್ರಾಸಿನವರೇ, ವಿಜಯ್ ಅಮೃತರಾಜ್. 1974ರಲ್ಲಿ ಅಮೆರಿಕನ್ ಓಪನ್ ಕಡೆಯ ಬಾರಿ ಹುಲ್ಲಿನ ಮೇಲೆ ನಡೆದಾಗ ವಿಜಯ್ ಎರಡನೇ ಸುತ್ತಿನಲ್ಲಿ ಒಬ್ಬ 18ರ ಹುಡುಗನನ್ನು ಸೋಲಿಸಿದರು. ಆ ಹುಡುಗ ಅದೇ ವರ್ಷ ಫ್ರೆಂಚ್ ಗೆದ್ದಿದ್ದ ಸ್ವೀಡನ್ನಿನ ಬ್ಯೋರ್ನ್ ಬೋರ್ಗ್. ಐದು ವರ್ಷ ಬಿಟ್ಟು, 1979ರ ವಿಂಬಲ್ಡನ್ ಎರಡನೇ ಸುತ್ತಿನಲ್ಲಿ ಮತ್ತೆ ಇಬ್ಬರೂ ಎದುರಾದರು. ವಿಜಯ್ ಎರಡು ಸೆಟ್ಟಿಗೆ ಒಂದರಂತೆ ಮುಂದಿದ್ದರು. ನಾಲ್ಕನೆಯದು ಟೈಬ್ರೇಕರಿಗೆ ಹೋಗಿ ಕೈತಪ್ಪಿತು, ಐದನೆಯದು 6-2ರಲ್ಲಿ ಬೋರ್ಗ್ ಪಾಲಾಯಿತು. ಆ ವರ್ಷದ್ದೂ ಸೇರಿ ಬೋರ್ಗ್ ಸತತ ಐದು ವಿಂಬಲ್ಡನ್ ಗೆದ್ದ, 1976ರಿಂದ 1980ರವರೆಗೆ. ಅವನ ಕೈಯಲ್ಲಿದ್ದದ್ದೂ ಮರದ ಬ್ಯಾಟೇ! ಆದರೆ ತಂತಿಯನ್ನು ವಿಪರೀತ ಬಿಗಿ ಮಾಡಿ, ವೆಸ್ಟರ್ನ್ ಕಡೆಗೆ ಜರುಗಿದ ಹಿಡಿತದಲ್ಲಿ, ಪ್ರತಿ ಫೋರ್‌ಹ್ಯಾಂಡಿಗೂ ಟಾಪ್‌ಸ್ಪಿನ್ ಹಾಕುತ್ತಿದ್ದ. ಹುಲ್ಲಿನಲ್ಲಿ ಇದು ನಡೆಯುವುದಿಲ್ಲ ಎಂದಿದ್ದ ಪಂಡಿತರು ಐದು ವರ್ಷ ಬಾಯಿ ಮುಚ್ಚಿ ಕೂತರು.

ಆಮೇಲೆ ನೆಲವೇ ಬದಲಾಯಿತು. ಅಮೆರಿಕನ್ ಓಪನ್ 1975ರಲ್ಲಿ ಮಣ್ಣಿಗೆ, 1978ರಲ್ಲಿ ಹಾರ್ಡ್ ಕೋರ್ಟಿಗೆ ಹೋಯಿತು. 1988ರಲ್ಲಿ ಆಸ್ಟ್ರೇಲಿಯನ್ ಓಪನ್ ಕೂಡ ಹುಲ್ಲು ಬಿಟ್ಟು ಹಾರ್ಡ್ ಕೋರ್ಟ್ ಹಿಡಿಯಿತು. ಹದಿನೈದು ವರ್ಷದೊಳಗೆ ಮೂರು ಹುಲ್ಲಿನ ಸ್ಲಾಮ್‌ಗಳಲ್ಲಿ ಉಳಿದದ್ದು ಒಂದೇ. ಬ್ಯಾಟೂ ಬದಲಾಯಿತು. 1976ರಲ್ಲಿ ಹೊವಾರ್ಡ್ ಹೆಡ್ ಎಂಬ ಎಂಜಿನಿಯರ್ ಪ್ರಿನ್ಸ್ ಕಂಪನಿಯ ಮೂಲಕ 110 ಚದರ ಇಂಚಿನ ದೊಡ್ಡ ಮುಖದ ಬ್ಯಾಟು ತಂದರು. ಮೊದಲು ಎಲ್ಲರೂ ನಕ್ಕರು. 1980ರ ದಶಕದಲ್ಲಿ ಗ್ರಾಫೈಟ್ ಬಂದಾಗ ನಗು ನಿಂತಿತು. ಹಗುರ, ಬಿಗಿ, ದೊಡ್ಡ ಮುಖ. ಇನ್ನು ಮೈಭಾರವನ್ನು ಮುಂದಕ್ಕೆ ಎಸೆಯಬೇಕಾಗಿರಲಿಲ್ಲ. ನೆಟ್ಟಿಗೆ ಎದುರಾಗಿ ನಿಂತು, ಬಲಗಾಲಿನ ಮೇಲೆ ಭಾರ ಹಾಕಿ, ಸೊಂಟ ಮತ್ತು ಭುಜ ತಿರುಗಿಸಿದರೆ ಸಾಕು, ಬ್ಯಾಟು ತಾನಾಗಿ ಬೀಸಿಕೊಂಡು ಬರುತ್ತದೆ. ಇದು ಓಪನ್ ಸ್ಟಾನ್ಸ್. ಇದರಿಂದ ಇನ್ನೊಂದು ಲಾಭ, ಹೊಡೆದ ಕೂಡಲೇ ಮತ್ತೆ ಜಾಗಕ್ಕೆ ಓಡಬಹುದು. ಇವಾನ್ ಲೆಂಡ್ಲ್, ಸ್ಟೆಫಿ ಗ್ರಾಫ್ ತಮ್ಮ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಂದ ಚೆಂಡಿಗೂ ಸುತ್ತಿ ಓಡಿ ಫೋರ್‌ಹ್ಯಾಂಡನ್ನೇ ಹೊಡೆದರು. ಅಲ್ಲಿಯವರೆಗೆ ಫೋರ್‌ಹ್ಯಾಂಡ್ ನೆಟ್ಟಿನ ಹತ್ತಿರ ಹೋಗಲು ದಾರಿ ಮಾಡುವ ಹೊಡೆತವಾಗಿತ್ತು. ಈಗ ಅದೇ ಪಂದ್ಯ ಮುಗಿಸುವ ಹೊಡೆತವಾಯಿತು.

ಈ ಬದಲಾವಣೆಯ ನಟ್ಟನಡುವೆ ಆಡಿದವರು ರಮೇಶ್ ಕೃಷ್ಣನ್, ರಾಮನಾಥನ್ ಅವರ ಮಗ. ತಂದೆಯ ಹಾಗೆಯೇ ಅವರೂ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದವರು, 1979ರಲ್ಲಿ. ಬ್ಯಾಟನ್ನು ಹಿಂದಕ್ಕೆ ಎಳೆಯುವುದು ಸ್ವಲ್ಪವೇ, ಟಾಪ್‌ಸ್ಪಿನ್ ಇಲ್ಲವೆಂಬಷ್ಟು ಕಡಿಮೆ, ಚೆಂಡು ನೆಲದಿಂದ ಏಳುತ್ತಿರುವಾಗಲೇ ಮುಂದೆ ಹೋಗಿ ತಟ್ಟಿಬಿಡುವುದು. ನಾನು ಮದ್ರಾಸಿಗೆ ಬಂದ ಮರುವರ್ಷ, 1987ರಲ್ಲಿ, ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕ್ರಿಕೆಟ್ ವಿಶ್ವಕಪ್ಪಿನ ಮಾತಿನ ನಡುವೆಯೂ ರಮೇಶ್ ಹೆಸರು ಕೇಳಿಬರುತ್ತಿತ್ತು. ಅಕ್ಟೋಬರಿನಲ್ಲಿ ಸಿಡ್ನಿಯ ಹುಲ್ಲಿನ ಮೇಲೆ ಭಾರತ ಡೇವಿಸ್ ಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿತು. ಕೊನೆಯ, ನಿರ್ಣಾಯಕ ಪಂದ್ಯ ಗೆದ್ದವರು ರಮೇಶ್, ವಾಲಿ ಮಸೂರ್ ಮೇಲೆ. ಡಿಸೆಂಬರಿನಲ್ಲಿ ಫೈನಲ್. ಸ್ವೀಡನ್ನಿನವರು ಗೊಥೆನ್‌ಬರ್ಗ್‌ನ ಒಳಾಂಗಣದಲ್ಲಿ ಮಣ್ಣಿನ ಕೋರ್ಟು ಹಾಕಿ ನಮ್ಮವರನ್ನು ಕರೆದರು. ಅಲ್ಲಿ 5-0.

ಎರಡು ತಿಂಗಳಲ್ಲಿ ರಮೇಶ್ ಅವರ ಕೈ ಕೆಟ್ಟುಹೋಯಿತೇ? ಇಲ್ಲ. ಕಾಲ ಕೆಳಗಿನ ನೆಲ ಬದಲಾಯಿತು. ಹುಲ್ಲಿನಲ್ಲಿ ಅವರ ಚೆಂಡು ತಗ್ಗಿ ಜಾರುತ್ತಿತ್ತು, ಮಣ್ಣಿನಲ್ಲಿ ಅದೇ ಚೆಂಡು ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಅವರಿಗೆ ಬರುತ್ತಿದ್ದ ಚೆಂಡು ಮಾತ್ರ ಭುಜದೆತ್ತರಕ್ಕೆ ಎಗರುತ್ತಿತ್ತು.

ಹಾಗಂತ ಇದನ್ನು ಗಣಿತದ ಸೂತ್ರದಂತೆ ಹೇಳಲೂ ಆಗುವುದಿಲ್ಲ. 1989ರ ಆಸ್ಟ್ರೇಲಿಯನ್ ಓಪನ್ ಎರಡನೇ ಸುತ್ತಿನಲ್ಲಿ, ಹಾರ್ಡ್ ಕೋರ್ಟಿನ ಮೇಲೆ, ಅದೇ ರಮೇಶ್ ಅದೇ ಸ್ವೀಡನ್ನಿನ ಮ್ಯಾಟ್ಸ್ ವಿಲಾಂಡರ್‌ರನ್ನು 6-3, 6-2, 7-6ರಿಂದ ಸೋಲಿಸಿದರು. ವಿಲಾಂಡರ್ ಆಗ ವಿಶ್ವದ ನಂಬರ್ ಒಂದು, ಹಿಂದಿನ ವರ್ಷ ಮೂರು ಸ್ಲಾಮ್ ಗೆದ್ದವರು. ಎದುರಾಳಿಯ ವೇಗವನ್ನೇ ಸಾಲ ಪಡೆದು ಬೇಗ ತಟ್ಟಿ ಕಳಿಸುವ ವಿದ್ಯೆ ಆ ದಿನ ಫಲಿಸಿತು. 1993ರಲ್ಲಿ ಫ್ರಾನ್ಸಿನ ಫ್ರೇಜುಸ್‌ನಲ್ಲಿ ಮಣ್ಣಿನ ಮೇಲೇ ಫ್ರಾನ್ಸನ್ನು ಸೋಲಿಸಿದ ಡೇವಿಸ್ ಕಪ್ ತಂಡದಲ್ಲೂ ಲಿಯಾಂಡರ್ ಪೇಸ್ ಜೊತೆ ರಮೇಶ್ ಇದ್ದರು. ದೊಡ್ಡ ಆಟಗಾರರು ಆಗೀಗ ನೆಲವನ್ನೂ ಗೆಲ್ಲುತ್ತಾರೆ. ಆದರೆ ಪ್ರತಿ ವಾರವೂ ನೆಲದ ವಿರುದ್ಧ ಆಡಿ ಗೆಲ್ಲಲು ಯಾರಿಂದಲೂ ಆಗದು.

ಕಡೆಯ ದೊಡ್ಡ ಬದಲಾವಣೆ ತಂತಿಯದ್ದು. 1997ರಲ್ಲಿ ವಿಶ್ವದ 66ನೇ ಶ್ರೇಯಾಂಕದ ಬ್ರೆಜಿಲ್ ಹುಡುಗ ಗುಸ್ತಾವೊ ಕ್ವೆರ್ಟೆನ್ ಫ್ರೆಂಚ್ ಓಪನ್ ಗೆದ್ದುಬಿಟ್ಟ. ಅವನ ಬ್ಯಾಟಿನಲ್ಲಿದ್ದದ್ದು ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿ. ಗಟ್ ತಂತಿ ಮೃದು, ಚೆಂಡನ್ನು ಚಿಮ್ಮಿಸುತ್ತದೆ. ಆದರೆ ತೇವ ಕುಡಿದು ಬೇಗ ಹಾಳಾಗುತ್ತದೆ, ಮದ್ರಾಸಿನ ಸೆಕೆಗೆ ಗಟ್ ಕಟ್ಟಿದವರಿಗೆ ಈ ಕಷ್ಟ ಗೊತ್ತು. ಪಾಲಿಯೆಸ್ಟರ್ ಬಿರುಸು ಮತ್ತು ನುಣುಪು. ಉಜ್ಜಿ ಹೊಡೆದಾಗ ತಂತಿಗಳು ಪಕ್ಕಕ್ಕೆ ಜಾರಿ, ಮರುಕ್ಷಣ ಟಕ್ಕೆಂದು ಜಾಗಕ್ಕೆ ಮರಳುತ್ತವೆ. ಆ ಮರಳುವ ಹೊಡೆತ ಚೆಂಡನ್ನು ಇನ್ನಷ್ಟು ತಿರುಗಿಸುತ್ತದೆ. ಈಗ ಎಷ್ಟು ಜೋರಾಗಿ ಬೀಸಿದರೂ ಚೆಂಡು ಒಳಗೇ ಬೀಳುತ್ತದೆ.

ಇದರ ಫಲವನ್ನು ಚೆನ್ನೈನವರು ಕಣ್ಣಾರೆ ಕಂಡರು. 1997ರಿಂದ 2017ರವರೆಗೆ ಪ್ರತಿ ವರ್ಷ ನುಂಗಂಬಾಕ್ಕಂ ಸ್ಟೇಡಿಯಮ್ಮಿನಲ್ಲಿ ಚೆನ್ನೈ ಓಪನ್ ನಡೆಯುತ್ತಿತ್ತು (2018ರಲ್ಲಿ ಅದು ಪುಣೆಗೆ ಹೋಯಿತು). ಗಿಂಡಿಯಲ್ಲಿ ಲೋಕಲ್ ರೈಲು ಹತ್ತಿದರೆ ಸೈದಾಪೇಟೆ, ಮಾಂಬಲಂ, ಕೋಡಂಬಾಕ್ಕಂ ದಾಟಿ ನಾಲ್ಕನೇ ಸ್ಟೇಷನ್ನು. 2004ರಲ್ಲಿ 17ರ ರಾಫೆಲ್ ನಡಾಲ್ ಅಲ್ಲಿ ಟಾಮಿ ರೊಬ್ರೆಡೊ ಜೊತೆ ಡಬಲ್ಸ್ ಗೆದ್ದ. 2008ರ ಸೆಮಿಫೈನಲ್‌ನಲ್ಲಿ ಅವನೂ ಕಾರ್ಲೋಸ್ ಮೋಯಾ ಕೂಡ ಮೂರು ಟೈಬ್ರೇಕರ್, 3 ಗಂಟೆ 54 ನಿಮಿಷ ಹೋರಾಡಿದರು. ಗೆದ್ದ ನಡಾಲ್ ಮರುದಿನ ಫೈನಲ್‌ನಲ್ಲಿ ಸುಸ್ತಾಗಿ ಮಿಖಾಯಿಲ್ ಯೂಝ್ನಿಗೆ 0-6, 1-6ರಲ್ಲಿ ಸೋತದ್ದು ಬೇರೆ ಮಾತು. ಹೊಡೆದಾದ ಮೇಲೆ ಬ್ಯಾಟು ತಲೆಯ ಮೇಲೆ ಹಗ್ಗ ಬೀಸಿದಂತೆ ಸುತ್ತಿ ಹೋಗುವ ಅವನ ಫೋರ್‌ಹ್ಯಾಂಡನ್ನು ಮರೆಯಲು ಸಾಧ್ಯವಿಲ್ಲ. ಜಾನ್ ಯಾಂಡೆಲ್ ಎಂಬ ಅಮೆರಿಕದ ಕೋಚ್ ವೇಗದ ಕ್ಯಾಮೆರಾ ಇಟ್ಟು ಲೆಕ್ಕ ಹಾಕಿದಾಗ, ಸ್ಯಾಂಪ್ರಸ್ ಮತ್ತು ಅಗಾಸಿಯವರ ಫೋರ್‌ಹ್ಯಾಂಡ್ ಚೆಂಡು ನಿಮಿಷಕ್ಕೆ ಸುಮಾರು 1,800ರಿಂದ 1,900 ಸುತ್ತಿನ ವೇಗದಲ್ಲಿ ತಿರುಗುತ್ತಿದ್ದರೆ, ನಡಾಲ್‌ನದು ಸರಾಸರಿ 3,200ರ ಹತ್ತಿರ ಇತ್ತಂತೆ.

ಇದಕ್ಕೆ ಬೆಲೆಯೂ ಇದೆ. ಮೊದಲು ಮೈಭಾರ ಮಾಡುತ್ತಿದ್ದ ಕೆಲಸವನ್ನು ಈಗ ಸೊಂಟ, ಭುಜ, ಮಣಿಕಟ್ಟು ಮಾಡಬೇಕು. ನಮ್ಮ ದೇಶದಲ್ಲಿ ಫೋರ್‌ಹ್ಯಾಂಡನ್ನೇ ಆಯುಧ ಮಾಡಿಕೊಂಡು ಮೇಲೆ ಬಂದವರು ಹೈದರಾಬಾದಿನ ಸಾನಿಯಾ ಮಿರ್ಜಾ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಶ್ರೇಯಾಂಕ ಮುಟ್ಟಿದರು. "ಭಾರತೀಯರಿಗೆ ಶಕ್ತಿ ಇಲ್ಲ" ಅನ್ನುವವರಿಗೆ ಅವರ ಫೋರ್‌ಹ್ಯಾಂಡೇ ಉತ್ತರ. ಆದರೆ 2008ರಲ್ಲಿ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಆಯಿತು, 2013ರಲ್ಲಿ ಸಿಂಗಲ್ಸ್ ಬಿಟ್ಟರು. ಡಬಲ್ಸ್‌ಗೆ ಪೂರ್ತಿ ತಿರುಗಿಕೊಂಡು 2015ರಲ್ಲಿ ವಿಶ್ವದ ನಂಬರ್ ಒಂದಾದರು. 2016ರ ಫ್ರೆಂಚ್ ಓಪನ್ ನಡುವೆ ನಡಾಲ್ ಕೂಡ ಹಿಂದೆ ಸರಿದದ್ದು ಮಣಿಕಟ್ಟಿನ ನೋವಿನಿಂದಲೇ.

ಹಾಗಾದರೆ ಹಳೆಯ ಹಿಡಿತ ಸತ್ತೇ ಹೋಯಿತೇ? ಹಾಗೇನಿಲ್ಲ, ಅದು ನೆಟ್ಟಿನ ಹತ್ತಿರ ಮನೆ ಮಾಡಿಕೊಂಡಿದೆ. ಸರ್ವ್, ವಾಲಿ, ಸ್ಮ್ಯಾಶ್ ಮೂರಕ್ಕೂ ಇವತ್ತಿಗೂ ಕಾಂಟಿನೆಂಟಲ್ ಹಿಡಿತವೇ. ಎಲ್ಲಿ ಇವು ಮುಖ್ಯವೋ ಅಲ್ಲಿ, ಅಂದರೆ ಡಬಲ್ಸ್‌ನಲ್ಲಿ, ನಮ್ಮವರು ಮಿಂಚಿದರು. ಅಮೃತರಾಜ್ ಸೋದರರು ಮದ್ರಾಸಿನಲ್ಲಿ 1985ರಲ್ಲಿ ಶುರು ಮಾಡಿದ ತರಬೇತಿ ಯೋಜನೆಯಲ್ಲಿ ಬೆಳೆದ ಲಿಯಾಂಡರ್ ಪೇಸ್ ಮತ್ತು ಮದ್ರಾಸಿನಲ್ಲಿ ಹುಟ್ಟಿದ ಮಹೇಶ್ ಭೂಪತಿ 1999ರಲ್ಲಿ ನಾಲ್ಕೂ ಸ್ಲಾಮ್‌ಗಳ ಡಬಲ್ಸ್ ಫೈನಲ್ ತಲುಪಿ, ಫ್ರೆಂಚ್ ಮತ್ತು ವಿಂಬಲ್ಡನ್ ಗೆದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ನಂಬರ್ ಒಂದಾದರು. ಇದೂ ಮಾಯೆ ಅಲ್ಲ. ಕಲಿತ ಕೈಗೆ ತಕ್ಕ ಜಾಗ ಸಿಕ್ಕಿದ್ದು.

ಸಿಂಗಲ್ಸ್‌ನಲ್ಲಿ ಮಾತ್ರ ಲೆಕ್ಕ ಬೇಸರದ್ದು. ಸ್ಲಾಮ್ ಒಂದರಲ್ಲಿ ಭಾರತದ ಪುರುಷ ಆಟಗಾರ ಕ್ವಾರ್ಟರ್‌ಫೈನಲ್ ತಲುಪಿದ್ದು ಕಡೆಯದಾಗಿ 1987ರಲ್ಲಿ, ಅಮೆರಿಕನ್ ಓಪನ್‌ನಲ್ಲಿ, ರಮೇಶ್ ಕೃಷ್ಣನ್. 1989ರ ಆ ವಿಲಾಂಡರ್ ಪಂದ್ಯದ ಮೇಲೆ, ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನೊಬ್ಬನನ್ನು ಇನ್ನೊಬ್ಬ ಭಾರತೀಯ ಪುರುಷ ಸೋಲಿಸಲು 35 ವರ್ಷ ಬೇಕಾಯಿತು. 2024ರ ಜನವರಿಯಲ್ಲಿ ಸುಮಿತ್ ನಾಗಲ್ ಅದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅಲೆಕ್ಸಾಂಡರ್ ಬುಬ್ಲಿಕ್ ವಿರುದ್ಧ ಗೆದ್ದ. ಮುಂದಿನ ತಿಂಗಳು ಚೆನ್ನೈ ಚಾಲೆಂಜರ್ ಗೆದ್ದು ಮೊದಲ ನೂರರೊಳಗೆ ಬಂದ. ಹರಿಯಾಣದ ಈ ಹುಡುಗನನ್ನು ಚಿಕ್ಕಂದಿನಲ್ಲೇ ಆರಿಸಿ ಬೆಂಗಳೂರಿಗೆ ಕರೆದು ಕಲಿಸಿದ್ದು ಮಹೇಶ್ ಭೂಪತಿಯವರ ಯೋಜನೆ, ಆಮೇಲೆ ಅವನು ಯುರೋಪಿನಲ್ಲಿ ಪಳಗಿದ. ಎತ್ತರದ ಆಳಲ್ಲ. ಆದರೆ ಆ ಫೋರ್‌ಹ್ಯಾಂಡಿನ ಟಾಪ್‌ಸ್ಪಿನ್ ನೋಡಿ, ಅದರಲ್ಲಿ ಪೂರ್ವದೇಶದ ಮಾಯೆಯ ಸುಳಿವೂ ಇಲ್ಲ.

ನನಗೆ ಇದು ಮುಖ್ಯ ಅನ್ನಿಸುವುದು ಯಾಕೆಂದರೆ, ಕೈಚಳಕ ನಮ್ಮ ಹುಟ್ಟುಗುಣ ಅಂದುಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ, ಹಳೆಯದನ್ನು ನೆನೆದು ಹೆಮ್ಮೆಪಡಬಹುದು ಅಷ್ಟೇ. ನೆಲ, ಬ್ಯಾಟು, ತಂತಿ ಸೇರಿ ಕೈಯನ್ನು ರೂಪಿಸುತ್ತವೆ ಎಂದು ಒಪ್ಪಿಕೊಂಡರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಎಷ್ಟು ಮಕ್ಕಳಿಗೆ ಒಳ್ಳೆಯ ಕೋರ್ಟು ಸಿಗುತ್ತಿದೆ? ಬಿಗಿ ಕಳೆದುಕೊಂಡ ಪಾಲಿಯೆಸ್ಟರ್ ತಂತಿಯನ್ನು ಮತ್ತೆ ಮತ್ತೆ ಬದಲಾಯಿಸುವ ಖರ್ಚು ಎಷ್ಟು ಮನೆಗಳು ತಡೆದುಕೊಂಡಾವು? ಎಂಟು ವರ್ಷದ ಮಗುವಿಗೆ ದೊಡ್ಡವರ ಚೆಂಡು ಕೊಟ್ಟರೆ ಅದು ತಲೆಯೆತ್ತರಕ್ಕೆ ಪುಟಿಯುತ್ತದೆ, ಕೈ ತಾನಾಗಿ ವೆಸ್ಟರ್ನ್‌ನ ಕಟ್ಟಕಡೆಗೆ ಜಾರುತ್ತದೆ, ಮಣಿಕಟ್ಟು ನೋಯುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಕಡಿಮೆ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಚೆಂಡುಗಳನ್ನೇ ಬಳಸಬೇಕೆಂದು ನಿಯಮ ಮಾಡಿತು. ನಮ್ಮ ಗಿಂಡಿಯ ಕೋರ್ಟಿನಲ್ಲಿ ಆ ಚೆಂಡುಗಳು ಬಂದದ್ದು ಇತ್ತೀಚೆಗೆ. ಸಣ್ಣ ಮಕ್ಕಳ ಫೋರ್‌ಹ್ಯಾಂಡು ಅಂದಿನಿಂದ ಎಷ್ಟೋ ಸಲೀಸಾಗಿದೆ.

ಇನ್ನು ಬೆಳಗಿನ ಹಿರಿಯರಿಗೆ ಮತ್ತು ಸಂಜೆಯ ಕೋಚ್ ಹುಡುಗನಿಗೆ ನನ್ನದೊಂದು ಸಣ್ಣ ಸಲಹೆ. ಒಂದು ಭಾನುವಾರ ಇಬ್ಬರೂ ಬ್ಯಾಟು ಅದಲು ಬದಲು ಮಾಡಿಕೊಂಡು ಆಡಿ. ಅಟ್ಟದ ಮೇಲೆ ಸ್ಕ್ರೂ ಬಿಗಿದ ಪ್ರೆಸ್ಸಿನೊಳಗೆ ಮರದ ಬ್ಯಾಟು ಇಟ್ಟುಕೊಂಡವರು ಗಿಂಡಿಯಲ್ಲಿ ಈಗಲೂ ಒಬ್ಬಿಬ್ಬರು ಇದ್ದಾರೆ, ಕೇಳಿದರೆ ಕೊಡುತ್ತಾರೆ. ಅದನ್ನು ಹಿಡಿದು ವೈಪರ್ ಹೊಡೆತ ಹೊಡೆಯಲು ಹೋದ ಹುಡುಗನಿಗೆ ಹತ್ತು ನಿಮಿಷದಲ್ಲಿ ಕೃಷ್ಣನ್ ಯಾಕೆ ಹಾಗೆ ಆಡುತ್ತಿದ್ದರು ಅಂತ ಅರ್ಥವಾಗುತ್ತದೆ. ಭುಜದೆತ್ತರಕ್ಕೆ ಎಗರಿ ಬರುವ ಚೆಂಡಿಗೆ ಕಾಂಟಿನೆಂಟಲ್ ಹಿಡಿತದಲ್ಲಿ ಉತ್ತರ ಕೊಡಲು ಹೋದ ಹಿರಿಯರಿಗೂ ಅಷ್ಟೇ ಹೊತ್ತು ಸಾಕು. ಆಮೇಲೆ ಇಬ್ಬರೂ ಸೇರಿ ಒಂದು ಫಿಲ್ಟರ್ ಕಾಪಿ ಕುಡಿಯಿರಿ, ದುಡ್ಡು ನಾನು ಕೊಡುತ್ತೇನೆ :)